ಮನೆಯಲ್ಲಿ ನಗು ನಿಂತುಹೋಗಿದೆ, ಯಾವ ಪುಸ್ತಕ ಓದಲಿ?

ಪ್ರಶ್ನೆ: ನನ್ನ ಅತ್ತೆ ತೀರಿಕೊಂಡು ಎಂಟು ತಿಂಗಳಾಯಿತು. ಎಂಬತ್ತು ದಾಟಿತ್ತು, ನರಳದೆ ಹೋದರು, ಕೂಡ್ಲಿಯಲ್ಲಿ ಕರ್ಮಗಳೆಲ್ಲ ಸರಿಯಾಗಿಯೇ ಆದವು. ಆದರೆ ಅವರ ಜೊತೆಗೇ ನಮ್ಮನೆ ನಗುವೂ ಹೋಯಿತು. ಬೀದಿಯವರನ್ನೆಲ್ಲ ನಗಿಸುತ್ತಿದ್ದ ಹೆಂಗಸು ಅವರು. ಯಾರ ಮಾತು, ಯಾರ ನಡಿಗೆ ಬೇಕಾದರೂ ಮಾಡಿ ತೋರಿಸುತ್ತಿದ್ದರು. ನಮ್ಮವರು ಭದ್ರಾವತಿಯ ಕಾಗದದ ಕಾರ್ಖಾನೆಯಲ್ಲಿದ್ದು ನಿವೃತ್ತರಾದವರು. ಈಗ ಊಟ ಮಾಡುತ್ತಾರೆ, ತೋಟಕ್ಕೆ ಹೋಗಿ ಬರುತ್ತಾರೆ, ಟಿ.ವಿ. ಮುಂದೆ ಕೂರುತ್ತಾರೆ, ಅಷ್ಟೆ. ಬೆಂಗಳೂರಿನಿಂದ ಮಗಳು ಫೋನ್ ಮಾಡಿದರೆ ‘ಚೆನ್ನಾಗಿದೀನಿ’ ಎಂದು ನನ್ನ ಕೈಗೆ ಕೊಟ್ಟುಬಿಡುತ್ತಾರೆ. ಹೈಸ್ಕೂಲಿನಲ್ಲಿದ್ದಾಗ ನಾನು ಪುಸ್ತಕ ಓದಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಆ ಆಸೆಗೆ ಒಂದು ಜೋಕುಗಳ ಪುಸ್ತಕ ತಂದು, ರಾತ್ರಿ ಎಲ್ಲ ಮಲಗಿದ ಮೇಲೆ ಓದಿದೆ. ತುಟಿ ಕೂಡ ಅಲುಗಲಿಲ್ಲ. ನನಗೂ ಏನಾದರೂ ಆಗಿದೆಯೇ? ವರ್ಷದ ತಿಥಿ ಆಗುವ ಮೊದಲೇ ನಗಾಡಿದರೆ ನೋಡಿದವರು ಏನಂದಾರು ಎಂದು ಓರಗಿತ್ತಿ ಬೇರೆ ಹೇಳಿದ್ದಾರೆ. ಗಟ್ಟಿಯಾಗಿ ನಗು ಬರುವಂಥ ಕನ್ನಡ ಪುಸ್ತಕಗಳ ಹೆಸರು ತಿಳಿಸುತ್ತೀರಾ?
– ಹೆಸರು ಬೇಡ, ಹೊಳೆಹೊನ್ನೂರು

ಉತ್ತರ: ಮೊದಲು ನಿಮ್ಮ ಓರಗಿತ್ತಿಯ ಮಾತಿಗೆ ಬರುತ್ತೇನೆ. ಅದು ನಿಮ್ಮ ಗಂಟಲಲ್ಲಿ ಕೂತಿರುವವರೆಗೆ ನಾನು ಯಾವ ಪುಸ್ತಕ ಹೇಳಿದರೂ ಪ್ರಯೋಜನವಿಲ್ಲ. ನಗಬಹುದು. ತಿಥಿಗೆ ಮೊದಲೂ ನಗಬಹುದು, ಅತ್ತೆಯನ್ನು ನೆನೆಸಿಕೊಂಡೇ ನಗಬಹುದು. ಹಬ್ಬ ಬಿಡುವುದು, ಶುಭಕಾರ್ಯ ಮುಂದಕ್ಕೆ ಹಾಕುವುದು ನಿಮ್ಮ ಮನೆಯ ಪದ್ಧತಿಯಾದರೆ ನಡೆಸಿಕೊಂಡು ಬನ್ನಿ. ಆ ಪಟ್ಟಿಗೆ ನಗುವನ್ನು ಮಾತ್ರ ಸೇರಿಸಬೇಡಿ. ಸಾವಾದ ಮನೆಯಲ್ಲಿ ನೆಂಟರೆಲ್ಲ ಕೂತಿದ್ದಾಗ ಯಾರೋ ಒಬ್ಬರು ಹೋದವರ ಹಳೆಯ ಮಾತೊಂದನ್ನು ಎತ್ತುತ್ತಾರೆ, ಅಲ್ಲಿಯವರೆಗೆ ಅಳುತ್ತಿದ್ದವರೇ ಸೆರಗು ಬಾಯಿಗಿಟ್ಟುಕೊಂಡು ನಗುತ್ತಾರೆ. ನೀವೂ ನೋಡಿರುತ್ತೀರಿ. ಆ ಗಳಿಗೆಯಲ್ಲಿ ಹೋದವರ ಮೇಲಿನ ಪ್ರೀತಿ ಒಂದು ಗುಲಗಂಜಿಯಷ್ಟೂ ಕಡಿಮೆಯಾಗಿರುವುದಿಲ್ಲ.

ಇದನ್ನು ಪರೀಕ್ಷಿಸಿ ನೋಡಿದವರೂ ಇದ್ದಾರೆ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಡ್ಯಾಕರ್ ಕೆಲ್ಟ್ನರ್ ಮತ್ತು ಜಾರ್ಜ್ ಬೊನ್ನಾನೊ 1997ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಬಾಳಸಂಗಾತಿಯನ್ನು ಕಳೆದುಕೊಂಡು ಸುಮಾರು ಆರು ತಿಂಗಳಾದವರನ್ನು ಕೂರಿಸಿಕೊಂಡು, ಹೋದವರ ಬಗ್ಗೆ ಮಾತಾಡಿಸಿ, ಅವರ ಮುಖವನ್ನು ಗಮನಿಸಿದರು. ಮಾತಿನ ನಡುವೆ ಮನಸಾರೆ ನಕ್ಕವರಲ್ಲಿ ಸಿಟ್ಟು ಕಡಿಮೆಯಿತ್ತು, ಸುತ್ತಲಿನವರ ಜೊತೆ ಅವರ ಸಂಬಂಧವೂ ಚೆನ್ನಾಗಿತ್ತು. ನಕ್ಕವರು ಮರೆತವರಲ್ಲ. ಓರಗಿತ್ತಿಗೆ ಇಷ್ಟೆಲ್ಲ ವಿವರಿಸಬೇಕಾಗಿಲ್ಲ. ‘ಅತ್ತೆ ಇದ್ದಿದ್ದರೆ ಅವರೇ ಮೊದಲು ನಗುತ್ತಿದ್ದರು’ ಎಂದರೆ ಸಾಕು.

ಇನ್ನು, ಜೋಕುಗಳ ಪುಸ್ತಕ ನಿಮ್ಮನ್ನು ನಗಿಸಲಿಲ್ಲ ಎಂದಿದ್ದೀರಿ. ನಿಮಗೆ ಏನೂ ಆಗಿಲ್ಲ. ನೀವು ಅದನ್ನು ಒಬ್ಬರೇ, ರಾತ್ರಿ, ಮನಸ್ಸಿನಲ್ಲಿ ಓದಿಕೊಂಡಿರಿ. ಜೋರು ನಗು ಹಾಗೆ ಬರುವುದು ತೀರಾ ಅಪರೂಪ. ಮನುಷ್ಯರು ಯಾವಾಗ ನಗುತ್ತಾರೆಂದು ವರ್ಷಗಟ್ಟಲೆ ಗಮನಿಸಿದ ರಾಬರ್ಟ್ ಪ್ರೊವೈನ್ ಎಂಬ ವಿಜ್ಞಾನಿಗೆ ಕಂಡದ್ದು, ಒಬ್ಬರೇ ಇರುವಾಗಿನದಕ್ಕಿಂತ ಜೊತೆಯಲ್ಲಿರುವಾಗ ನಾವು ಸುಮಾರು 30 ಪಟ್ಟು ಹೆಚ್ಚು ನಗುತ್ತೇವೆ ಎಂದು. ನಿಮ್ಮ ಹೈಸ್ಕೂಲಿನ ದಿನಗಳನ್ನೇ ನೆನಪು ಮಾಡಿಕೊಳ್ಳಿ. ಪಕ್ಕದಲ್ಲಿ ಗೆಳತಿಯೋ ತಂಗಿಯೋ ಇದ್ದಿರಬೇಕು. ‘ಏ, ಇಲ್ಲಿ ಕೇಳೇ’ ಎಂದು ಒಂದು ಸಾಲು ಓದಿ ಹೇಳಿರಬೇಕು. ನಗು ಒಡೆದದ್ದು ಅಲ್ಲೇ.

ಆದ್ದರಿಂದ ಪುಸ್ತಕದ ಹೆಸರಿಗಿಂತ ಮುಂಚೆ ನಾನು ಕೊಡುವ ಸಲಹೆ ಒಂದೇ: ದನಿ ತೆಗೆದು ಓದಿ, ಇನ್ನೊಬ್ಬರ ಕಿವಿಗೆ ಬೀಳುವಂತೆ ಓದಿ. ನಿಮ್ಮ ಮನೆಯಲ್ಲಿ ನಿಂತಿರುವುದು ಒಂದು ದನಿ. ಅತ್ತೆ ಜೋಕು ಹೇಳಿ ನಗಿಸಿದವರಲ್ಲ, ನಾಲ್ಕು ಜನರ ದನಿಯನ್ನು ಒಂದೇ ಬಾಯಲ್ಲಿ ಆಡಿ ನಗಿಸಿದವರು. ಆ ಜಾಗಕ್ಕೆ ಒಂದು ದನಿಯೇ ಬರಬೇಕು.

ದನಿ ತೆಗೆದು ಓದುವುದು ನಿಮ್ಮ ಸೀಮೆಗೆ ಹೊಸದೂ ಅಲ್ಲ. ಶಿವಮೊಗ್ಗದ ಪಕ್ಕದಲ್ಲೇ ಮತ್ತೂರು, ಹೊಸಹಳ್ಳಿ ಇವೆ. ಹೊಸಹಳ್ಳಿಯ ಗಮಕಿ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಕುಮಾರವ್ಯಾಸನ ಉತ್ತರಕುಮಾರನನ್ನು ಗಮಕದಲ್ಲಿ ಕೇಳಿ. ಅಂತಃಪುರದ ಹೆಂಗಸರ ಮುಂದೆ ಕೌರವರನ್ನೆಲ್ಲ ಒಬ್ಬನೇ ಮುಗಿಸುತ್ತೇನೆಂದು ಮೀಸೆ ತಿರುವಿದವನು, ಸೈನ್ಯ ಕಣ್ಣಿಗೆ ಬಿದ್ದ ಕೂಡಲೇ ರಥದಿಂದ ಹಾರಿ ಓಡುತ್ತಾನೆ. ನೂರಾರು ವರ್ಷಗಳಿಂದ ಅದೇ ಪ್ರಸಂಗ, ಕೇಳುವವರಿಗೆಲ್ಲ ಮುಂದೇನೆಂದು ಗೊತ್ತು, ಆದರೂ ಸಭೆ ನಗುತ್ತದೆ. ಓದುವವರ ಗಂಟಲು, ಕೇಳುವವರ ಕಿವಿ ಎರಡೂ ಒಂದೆಡೆ ಸೇರಿದ್ದರಿಂದ. ಕೈಲಾಸಂ ಅವರ ‘ಟೊಳ್ಳು ಗಟ್ಟಿ’ಯನ್ನೋ ‘ಹೋಂ ರೂಲು’ ಅನ್ನೋ ಮೌನವಾಗಿ ಓದಲು ಹೋದವರು ಆ ಕಾಗುಣಿತಕ್ಕೇ ಹೆದರಿ ಪುಸ್ತಕ ಮುಚ್ಚುತ್ತಾರೆ. ಅವರು ನಾಟಕಗಳನ್ನು ಬಾಯಲ್ಲಿ ಹೇಳಿ ಬೇರೆಯವರಿಂದ ಬರೆಸಿದವರು. ಅಲ್ಲಿರುವುದು ಮಾತು, ಅದನ್ನು ಬಾಯಿಗೇ ವಾಪಸು ಕೊಡಬೇಕು.

ಈಗ ಪುಸ್ತಕಗಳು. ‘ಕನ್ನಡದ ಅತ್ಯುತ್ತಮ ಹಾಸ್ಯ’ ಎಂಬ ಪಟ್ಟಿ ಕೊಡುವುದು ಸುಲಭ. ಆದರೆ ನಿಮಗೆ ಬೇಕಿರುವುದು ನಿಮ್ಮ ಮನೆಗೆ, ಈ ತಿಂಗಳಿಗೆ ಹೊಂದುವಂಥವು. ಆ ಕ್ರಮದಲ್ಲೇ ಹೇಳುತ್ತೇನೆ.

ಮೊದಲು ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’. 1980ರಲ್ಲಿ ಬಂದದ್ದು. ಇದನ್ನು ಹಾಸ್ಯದ ಕಪಾಟಿನಲ್ಲಿ ಯಾರೂ ಇಡುವುದಿಲ್ಲ, ಅದೇ ಇದರ ಗುಣ. ಜೇನು ಹಿಡಿಯುವ ಮಂದಣ್ಣ, ಅವನನ್ನು ಗೌರವದಿಂದ ಕಾಣುವ ವಿಜ್ಞಾನಿ ಕರ್ವಾಲೊ, ಮರ ಹತ್ತುವ ಬಿರಿಯಾನಿ ಕರಿಯಪ್ಪ, ಮನೆಯಾಳು ಪ್ಯಾರ, ನಾಯಿ ಕಿವಿ. ಇವರಲ್ಲಿ ಒಬ್ಬರೂ ನಗಿಸಲು ಹೊರಟವರಲ್ಲ. ಎಲ್ಲರೂ ತಮ್ಮ ತಮ್ಮ ಕೆಲಸದಲ್ಲಿ ಗಂಭೀರವಾಗಿ ಮುಳುಗಿದ್ದಾರೆ, ಓದುವವರಿಗೆ ಮಾತ್ರ ಉಸಿರು ಕಟ್ಟುತ್ತದೆ. ದುಃಖದಲ್ಲಿರುವವರಿಗೆ ಇಂಥ ಬರಹವೇ ಸರಿ. ‘ಬಾ, ನಿನ್ನನ್ನು ನಗಿಸುತ್ತೇನೆ’ ಎಂದು ಕೈಹಿಡಿದು ಎಳೆಯುವ ಪುಸ್ತಕ ಕಂಡರೆ ನೊಂದ ಮನಸ್ಸು ಹಿಂದಕ್ಕೆ ಸರಿಯುತ್ತದೆ. ಜೋಕುಗಳ ಪುಸ್ತಕದ ತೊಂದರೆಯೂ ಇದೇ. ಪ್ರತಿ ನಾಲ್ಕು ಸಾಲಿಗೊಮ್ಮೆ ನಗು ಎಂದು ಒತ್ತಾಯಿಸುತ್ತದೆ, ಆ ಜೋಕಿನಲ್ಲಿರುವ ಗಂಡ ಹೆಂಡತಿ ಯಾರೋ ನಮಗೆ ಗೊತ್ತಿರುವುದಿಲ್ಲ. ಮಂದಣ್ಣ ಹಾಗಲ್ಲ. ಇಪ್ಪತ್ತು ಪುಟ ಓದುವಷ್ಟರಲ್ಲಿ ಅವನು ನಿಮ್ಮ ಊರಿನವನೇ ಆಗಿಬಿಡುತ್ತಾನೆ. ಅವನ ಮದುವೆಯ ಭಾಗ ಬರುವ ಹೊತ್ತಿಗೆ ನೀವು ಮನೆಯವರಂತೆ ಅಲ್ಲಿಗೆ ಹೋಗಿರುತ್ತೀರಿ. ತೋಟಕ್ಕೆ ಹೋಗಿ ಬರುವ ನಿಮ್ಮ ಯಜಮಾನರಿಗೂ ಆ ಜಗತ್ತು ಅಪರಿಚಿತವಲ್ಲ.

ಇಡೀ ಕಾದಂಬರಿ ಉದ್ದವಾಯಿತು ಎನಿಸಿದರೆ ಅವರದೇ ‘ಪರಿಸರದ ಕತೆ’ ಇದೆ. ಮಾಸ್ತಿ, ಬೈರ, ಅದೇ ಕಿವಿ. ಒಂದು ಕತೆ ಒಂದು ಸಂಜೆಗೆ ಮುಗಿಯುತ್ತದೆ.

ಅದಾದ ಮೇಲೆ ಗೊರೂರು ರಾಮಸ್ವಾಮಿ ಅಯ್ಯಂಗಾರರು. ‘ಹಳ್ಳಿಯ ಚಿತ್ರಗಳು’, ‘ನಮ್ಮ ಊರಿನ ರಸಿಕರು’ ಎರಡೂ 1930ರ ದಶಕದ ಆಸುಪಾಸಿನವು, ಇವತ್ತಿಗೂ ಹಳಸಿಲ್ಲ. ‘ನಮ್ಮ ಎಮ್ಮೆಗೆ ಮಾತು ತಿಳಿಯುವುದೆ?’ ಎಂಬ ಅವರ ಬರಹ ಎಷ್ಟೋ ಜನಕ್ಕೆ ಶಾಲೆಯ ಪಾಠದಿಂದಲೇ ಪರಿಚಯ. ಗೊರೂರರು ಹೇಮಾವತಿ ದಂಡೆಯವರು, ನೀವು ಭದ್ರೆಯ ದಂಡೆಯವರು. ಹೊಳೆಬದಿಯ ಊರಿನ ಹರಟೆ, ಸಾಲ, ಜಗಳ, ಜಾತ್ರೆ ನಿಮಗೆ ವಿವರಿಸಿ ಹೇಳಬೇಕಾದವಲ್ಲ. ತಮ್ಮ ಊರಿನವರನ್ನು ಅವರು ನೋಡಿ ನಗುತ್ತಾರೆ, ಆದರೆ ಯಾರೊಬ್ಬರನ್ನೂ ಕೀಳು ಮಾಡುವುದಿಲ್ಲ. ಬರೆಯುವ ಕೈಗೆ ಇದು ತುಂಬ ಕಷ್ಟದ ಕೆಲಸ. ಮಗಳು ಊರಿಗೆ ಬಂದಾಗ ‘ಅಮೆರಿಕಾದಲ್ಲಿ ಗೊರೂರು’ ತೆಗೆಯಿರಿ. ಪತ್ನಿಯೊಡನೆ ಅಮೆರಿಕ ನೋಡಿ ಬಂದ ಹಳ್ಳಿಯ ಮನುಷ್ಯನ ಕಥನ, 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದದ್ದು. ಮಕ್ಕಳ ಊರಿಗೆ ಹೋಗಿ ಅಡುಗೆಮನೆಯಲ್ಲಿ ದಿಕ್ಕುತಪ್ಪುವ ಅಪ್ಪ ಅಮ್ಮಂದಿರಿಗೆಲ್ಲ ಅದು ತಮ್ಮದೇ ಕತೆ ಅನಿಸುತ್ತದೆ.

ನಿಮಗೆಂದೇ ಒಬ್ಬರನ್ನು ಹೇಳುತ್ತೇನೆ, ಟಿ. ಸುನಂದಮ್ಮ. ಹೆಂಗಸರು ಹಾಸ್ಯ ಬರೆಯುತ್ತಾರೆ ಎಂದರೆ ನಂಬದಿದ್ದ ಕಾಲದಲ್ಲಿ ‘ಕೊರವಂಜಿ’ ಹಾಸ್ಯಪತ್ರಿಕೆಗೆ ಬರೆದವರು, ಮುಂದೆ ಕರ್ನಾಟಕ ಲೇಖಕಿಯರ ಸಂಘದ ಮೊದಲ ಅಧ್ಯಕ್ಷೆಯಾದವರು. ‘ಬಣ್ಣದ ಚಿಟ್ಟೆ’, ‘ಜಂಬದ ಚೀಲ’ ಸಿಕ್ಕರೆ ಬಿಡಬೇಡಿ. ಗಂಡಸರು ಬರೆದ ಹಳೆಯ ಹಾಸ್ಯದಲ್ಲಿ ಹೆಂಡತಿ ಎಂದರೆ ಸೀರೆ ಕೇಳುವವಳು, ಲಟ್ಟಣಿಗೆ ಹಿಡಿದವಳು. ಸುನಂದಮ್ಮನವರಲ್ಲಿ ಅದೇ ಮನೆಯನ್ನು ಒಳಗಿನಿಂದ ನೋಡುವ ಕಣ್ಣಿದೆ. ಅವರ ಹಾದಿಯಲ್ಲಿ ಬಂದ ಮಂಗಳೂರಿನ ಭುವನೇಶ್ವರಿ ಹೆಗಡೆಯವರ ಪ್ರಬಂಧಗಳನ್ನೂ ಓದಿ. ಅಡಿಕೆ ಸುಲಿಯುವ ಕಾಲದಲ್ಲಿ ನಾಲ್ಕು ಜನ ಹೆಂಗಸರು ಮೆಟ್ಟುಗತ್ತಿ ಮುಂದೆ ಕೂತಿರುತ್ತಾರಲ್ಲ, ಅವರ ನಡುವೆ ಒಬ್ಬರು ಇದನ್ನು ಓದಿದರೆ ಹೇಗಿರುತ್ತದೆ, ಯೋಚಿಸಿ. ಕೈಗೆ ಕೆಲಸ, ಕಿವಿಗೆ ಕತೆ ಎನ್ನುವುದು ಅಡಿಕೆ ಚಪ್ಪರದಲ್ಲಿ ಮೊದಲಿಂದಲೂ ಇದ್ದದ್ದೇ. ಪುಸ್ತಕವೊಂದು ಹೊಸದಾಗಿ ಸೇರುತ್ತದೆ, ಅಷ್ಟೆ.

ನಿಮ್ಮ ಯಜಮಾನರಿಗೆ ಬೇರೆ ಎರಡು ಪುಸ್ತಕ ಇಟ್ಟಿದ್ದೇನೆ. ಆದರೆ ಅವು ಮೊದಲ ತಿಂಗಳಿಗಲ್ಲ. ‘ಕರ್ವಾಲೊ’ ಓದುವಾಗ ಅವರು ಒಮ್ಮೆಯಾದರೂ ತಿರುಗಿ ಕೇಳಿದರು ಎಂದಾದ ಮೇಲೆ ತೆಗೆಯಿರಿ. ಒಂದು, ತೇಜಸ್ವಿಯವರ ‘ಅಣ್ಣನ ನೆನಪು’. ಅಣ್ಣ ಎಂದರೆ ಅವರ ತಂದೆ ಕುವೆಂಪು. ಕುವೆಂಪು ತೀರಿಕೊಂಡದ್ದು 1994ರಲ್ಲಿ, ಪುಸ್ತಕ ಬಂದದ್ದು 1996ರಲ್ಲಿ. ತಂದೆ ಹೋದ ಎರಡು ವರ್ಷಕ್ಕೆ ಮಗ ಬರೆದ ನೆನಪುಗಳು, ಅದೂ ಅಂಥ ತಂದೆಯ ಬಗ್ಗೆ. ಪುಟಪುಟಕ್ಕೂ ಗೋಳು ತುಂಬಿರುತ್ತದೆ ಎಂದುಕೊಂಡರೆ, ಹಾಗಿಲ್ಲ. ಮನೆಯ ಪೇಚಾಟಗಳನ್ನು, ಮಗನ ಪುಂಡಾಟಗಳನ್ನು, ತಂದೆಯ ಸಹನೆಯನ್ನು ನಗುನಗುತ್ತಲೇ ಹೇಳುತ್ತಾರೆ. ಗೌರವ ಮಾತ್ರ ಎಲ್ಲೂ ತಗ್ಗುವುದಿಲ್ಲ. ಇನ್ನೊಂದು, ಸಂಡೂರಿನ ವಸುಧೇಂದ್ರ ಅವರ ‘ನಮ್ಮಮ್ಮ ಅಂದ್ರೆ ನಂಗಿಷ್ಟ’. ಇದನ್ನು ಓದುವಾಗ ಜೋರಾಗಿ ನಗು ಬರುತ್ತದೆ, ಎರಡು ಪುಟದಲ್ಲಿ ಕಣ್ಣು ತುಂಬುತ್ತದೆ. ಅಮ್ಮನನ್ನು ಕಳೆದುಕೊಂಡ ಗಂಡಸಿಗೆ ಅಳಲು ಒಂದು ನೆಪ ಬೇಕಾಗಿರುತ್ತದೆ. ನಿಮ್ಮವರು ಈ ಎಂಟು ತಿಂಗಳಲ್ಲಿ ಮನಸ್ಸು ಬಿಚ್ಚಿ ಅತ್ತರೋ ಇಲ್ಲವೋ ನೀವು ಬರೆದಿಲ್ಲ. ಅತ್ತಿಲ್ಲ ಎಂದು ನನ್ನ ಊಹೆ. ಓದುವಾಗ ಅವರು ಎದ್ದು ಹಿತ್ತಲಿಗೆ ಹೋದರೆ ಹಿಂದೆಯೇ ಹೋಗಬೇಡಿ, ಓದುವುದನ್ನು ನಿಲ್ಲಿಸಲೂ ಬೇಡಿ.

ಪುಸ್ತಕ ಮುಟ್ಟುವುದೇ ಇಲ್ಲ ಎನ್ನುತ್ತೀರಾ? ಅವರು ಕಾಗದ ಮಾಡಿದ ಕೈಯವರು. 1936ರಲ್ಲಿ ಸ್ಥಾಪನೆಯಾದ ಆ ಕಾರ್ಖಾನೆಯ ಕಾಗದದ ಮೇಲೆ ಎಷ್ಟೋ ಕನ್ನಡ ಪುಸ್ತಕ, ಪತ್ರಿಕೆಗಳು ಅಚ್ಚಾಗಿವೆ. ಲೈಬ್ರರಿಯಿಂದ ಗೊರೂರರ ಯಾವುದಾದರೂ ಹಳೆಯ ಪ್ರತಿ ತಂದು, ‘ಇದು ಯಾವ ಕಾಗದ, ನೋಡಿ’ ಎಂದು ಅವರ ಕೈಗೆ ಕೊಡಿ. ಬೆರಳಲ್ಲಿ ಹಾಳೆ ಉಜ್ಜಿ ನೋಡುವುದನ್ನು ಅವರು ಬಿಟ್ಟಿರಲಾರರು. ಪುಸ್ತಕ ಕೈಗೆ ಹೋಗಲು ಅದೊಂದು ದಾರಿ. ಓದು ಎಂದು ಮಾತ್ರ ಹೇಳಬೇಡಿ.

ಬೀಚಿಯವರ ಹೆಸರು ಯಾಕೆ ಬರಲಿಲ್ಲ ಎಂದು ಕೇಳುತ್ತೀರೇನೋ. ಬರಬೇಕು, ಆದರೆ ಕೊನೆಗೆ. ಹರಪನಹಳ್ಳಿಯಲ್ಲಿ ಹುಟ್ಟಿ, ಹೆತ್ತವರ ಆಸರೆಯಿಲ್ಲದೆ ಬೆಳೆದು, ಪೊಲೀಸ್ ಇಲಾಖೆಯಲ್ಲಿ ದುಡಿದವರು ಅವರು. ಅವರ ‘ನನ್ನ ಭಯಾಗ್ರಫಿ’ ಕನ್ನಡದ ಆತ್ಮಕಥೆಗಳಲ್ಲಿ ನನಗೆ ಬಹಳ ಪ್ರಿಯವಾದದ್ದು. ಅಷ್ಟು ನೋವನ್ನು ಅಷ್ಟು ನಗುವಿನಲ್ಲಿ ಹೇಳಿದವರು ಕಡಿಮೆ. ಅವರ ಪಾತ್ರ ತಿಂಮನ ಮಾತುಗಳಂತೂ ಬಾಯಿಪಾಠವಾಗುವಂಥವು. ‘ಸುಧಾ’ ವಾರಪತ್ರಿಕೆಯಲ್ಲಿ ‘ನೀವು ಕೇಳಿದಿರಿ?’ ಎಂದು ಓದುಗರ ಪ್ರಶ್ನೆಗಳಿಗೆ ಅವರು ಕೊಡುತ್ತಿದ್ದ ಉತ್ತರಗಳಿಗಾಗಿ ಜನ ಕಾಯುತ್ತಿದ್ದರು. ಆದರೆ ಬೀಚಿಯ ನಗುವಿಗೆ ಮುಳ್ಳಿದೆ. ದೇವರು, ಶ್ರಾದ್ಧ, ಮಡಿ ಯಾವುದನ್ನೂ ಅವರು ಬಿಡುವುದಿಲ್ಲ. ಗಾಯ ಹಸಿಯಿರುವಾಗ ಅದು ಹಿತವಾಗದೆ ಇರಬಹುದು. ವರ್ಷದ ತಿಥಿ ಕಳೆಯಲಿ.

ಹಳೆಯ ಹಾಸ್ಯ ಓದುವಾಗ ಇನ್ನೊಂದು ಎಚ್ಚರ. ಕಪ್ಪಗಿರುವವರನ್ನು, ಕಿವಿ ಕೇಳದವರನ್ನು, ಮಕ್ಕಳಾಗದವರನ್ನು, ಒಂದು ಜಾತಿಯವರ ಮಾತಿನ ಧಾಟಿಯನ್ನು ಹಿಡಿದು ನಗಿಸುವ ಪುಟಗಳು ಸಿಗುತ್ತವೆ, ದೊಡ್ಡವರ ಪುಸ್ತಕದಲ್ಲೂ ಸಿಗುತ್ತವೆ. ಸಂಕೋಚವಿಲ್ಲದೆ ಆ ಪುಟ ಮಗುಚಿ. ಕೇಳುವವರಲ್ಲಿ ಒಬ್ಬರ ಮುಖ ಸಣ್ಣದಾದರೂ ಆ ನಗು ನಿಮ್ಮ ಮನೆಗೆ ಬೇಡ.

ರಾಶಿಯವರ ಬಗ್ಗೆ ಎರಡು ಮಾತು ಹೇಳದ ಹೊರತು ನನಗೆ ಸಮಾಧಾನವಿಲ್ಲ. ರಾಶಿ ಎಂದರೆ ಡಾ. ಎಂ. ಶಿವರಾಂ, ವೈದ್ಯರು. 1942ರಲ್ಲಿ, ಯುದ್ಧದ ನಡುವೆ, ‘ಕೊರವಂಜಿ’ ಎಂಬ ಹಾಸ್ಯ ಮಾಸಪತ್ರಿಕೆ ಶುರುಮಾಡಿ 1967ರವರೆಗೆ ನಡೆಸಿದರು. ನಾ. ಕಸ್ತೂರಿಯವರು ಅದರಲ್ಲಿ ಬರೆದರು, ಮುಂದೆ ದೇಶಕ್ಕೇ ಹೆಸರಾದ ಆರ್.ಕೆ. ಲಕ್ಷ್ಮಣ್ ಎಳೆಯ ವಯಸ್ಸಿನಲ್ಲಿ ಅದಕ್ಕೆ ವ್ಯಂಗ್ಯಚಿತ್ರ ಬರೆದರು. ಇದೇ ಶಿವರಾಂ ಅವರಿಗೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಯಾವುದಕ್ಕೆ ಗೊತ್ತೇ? ‘ಮನಮಂಥನ’ಕ್ಕೆ, ಮನಸ್ಸಿನ ಕಾಯಿಲೆಗಳ ಕುರಿತ ಪುಸ್ತಕಕ್ಕೆ. ಜನರ ಸಂಕಟವನ್ನು ಹತ್ತಿರದಿಂದ ಕೇಳಿದ ವೈದ್ಯರು ಇಪ್ಪತ್ತೈದು ವರ್ಷ ನಗೆಯ ಪತ್ರಿಕೆ ನಡೆಸಿದರು ಎನ್ನುವುದು ನನ್ನಂಥ ಆಪ್ತಸಲಹೆ ಕೊಡುವವರಿಗೆ ದೊಡ್ಡ ಧೈರ್ಯ. ಆದರೆ ನಗೆಯೇ ಔಷಧಿ, ಗುಳಿಗೆ ಬೇಡ ಎಂದು ನಾನು ಹೇಳಲಾರೆ.

ಯಾಕೆಂದರೆ ನಿಮ್ಮ ಯಜಮಾನರ ವಿಷಯದಲ್ಲಿ ನೀವು ಗಮನಿಸಬೇಕಾದ್ದು ಇನ್ನೂ ಇದೆ. ಊಟ ಮಾಡುತ್ತಾರೆ, ತೋಟಕ್ಕೆ ಹೋಗುತ್ತಾರೆ ಎಂದಿದ್ದೀರಿ, ಒಳ್ಳೆಯದು. ನಿದ್ದೆ ಹೇಗಿದೆ? ನಸುಕಿಗೆ ಮೂರಕ್ಕೇ ಎದ್ದು ಕೂರುತ್ತಾರೆಯೇ? ಬಟ್ಟೆ ಸಡಿಲವಾಗಿವೆಯೇ? ಕುಡಿತ ಹೊಸದಾಗಿ ಸೇರಿದೆಯೇ? ‘ನಾನಿದ್ದು ಏನು ಪ್ರಯೋಜನ’ ಎಂಬಂಥ ಮಾತು ಬಂದಿದೆಯೇ? ಇವುಗಳಲ್ಲಿ ಯಾವುದಾದರೂ ಎರಡು ವಾರಕ್ಕಿಂತ ಹೆಚ್ಚು ಕಾಲ ಇದ್ದರೆ ಪುಸ್ತಕ ಪಕ್ಕಕ್ಕಿಟ್ಟು ವೈದ್ಯರಲ್ಲಿಗೆ ಕರೆದುಕೊಂಡು ಹೋಗಿ. ಕೊನೆಯ ಮಾತು ಒಮ್ಮೆ ಬಂದರೂ ಕಾಯಬೇಡಿ, ಅದೇ ದಿನ ಸಹಾಯ ಕೇಳಿ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ದೂರವಿಲ್ಲ. ಹೊರಡುವ ಮೊದಲು ಮಾತಾಡಬೇಕೆನಿಸಿದರೆ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ನಿಮಗಾಗಿಯೂ ಮಾಡಬಹುದು. ಅತ್ತೆಯ ಜೊತೆ ಅಷ್ಟು ವರ್ಷ ಬಾಳಿದವರು ನೀವು, ನಿಮ್ಮ ದುಃಖವನ್ನು ಯಾರೂ ಕೇಳಿದಂತೆ ಕಾಣುವುದಿಲ್ಲ.

ಓದುವುದಕ್ಕೆ ರಾತ್ರಿ ಹತ್ತರ ಹೊತ್ತು ಬೇಡ. ಸಂಜೆ, ದೀಪ ಹಚ್ಚಿ ಕಾಫಿ ಆದ ಮೇಲೆ, ಟಿ.ವಿ. ಹಾಕುವ ಮುಂಚೆ, ಕಾಲು ಗಂಟೆ ಸಾಕು. ಯಜಮಾನರಿಗಾಗಿ ಓದುತ್ತಿದ್ದೇನೆ ಎಂದು ತೋರಿಸಿಕೊಳ್ಳಬೇಡಿ, ಮಗಳಿಗಾಗಿ ಓದಿ. ಅವಳಿಗೆ ಹೇಳಿ, ದಿನಕ್ಕೆ ಎರಡು ಪುಟ ಓದಿ ವಾಟ್ಸಾಪಿನಲ್ಲಿ ದನಿ ಕಳಿಸುತ್ತೇನೆ, ಮೆಟ್ರೋದಲ್ಲಿ ಕೇಳು ಎಂದು. ಫೋನ್ ಮುಂದಿಟ್ಟುಕೊಂಡು ಜಗಲಿಯಲ್ಲೋ ನಡುಮನೆಯಲ್ಲೋ, ಅವರು ಕೂತಿರುವ ಕಡೆಯೇ ಓದಿ. ಪ್ಯಾರನ ಮಾತನ್ನು ಪ್ಯಾರನಂತೆ, ಮಂದಣ್ಣನ ಮಾತನ್ನು ಮಂದಣ್ಣನಂತೆ ಆಡಲು ಪ್ರಯತ್ನಿಸಿ. ಮೊದಮೊದಲು ನಾಚಿಕೆಯಾಗುತ್ತದೆ, ಆಗಲಿ. ನಡುವೆ ನಿಮಗೇ ನಗು ಬಂದು ಓದು ನಿಂತರೆ ಅಳಿಸಿ ಮತ್ತೆ ರೆಕಾರ್ಡ್ ಮಾಡಬೇಡಿ, ಹಾಗೆಯೇ ಕಳಿಸಿ. ಅವಳಿಗೆ ಬೇಕಿರುವುದು ಅದೇ.

ಮಗಳು ಬಂದಾಗ ಮೂವರೂ ಕೂತು ಅತ್ತೆಯ ಮಾತುಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಯಾರ ನಡಿಗೆಯನ್ನು ಹೇಗೆ ಮಾಡುತ್ತಿದ್ದರು, ಸೊಸೈಟಿಯವರಿಗೆ ಏನಂದಿದ್ದರು, ಬೀಗರ ಮುಂದೆ ಏನಾಗಿತ್ತು, ಎಲ್ಲ. ಅವರು ಆಡಿದ ಪದಗಳನ್ನೇ ಬರೆಯಿರಿ, ಗ್ರಂಥದ ಭಾಷೆಗೆ ತಿದ್ದಬೇಡಿ. ಬೈಗುಳವಿದ್ದರೆ ಬೈಗುಳವೂ ಇರಲಿ. ತಾರೀಕು ಗೊತ್ತಿಲ್ಲದಿದ್ದರೆ ಪರವಾಗಿಲ್ಲ, ಯಾರ ಮದುವೆಯ ವರ್ಷ ಎಂದು ಹಾಕಿದರೆ ಸಾಕು. ಇದರಲ್ಲಿ ನಿಮ್ಮ ಯಜಮಾನರಿಗೆ ಗೊತ್ತಿರುವಷ್ಟು ನಿಮಗಾಗಲಿ ಮಗಳಿಗಾಗಲಿ ಗೊತ್ತಿಲ್ಲ. ನೀವು ಬೇಕೆಂದೇ ಒಂದು ಕತೆಯನ್ನು ಸ್ವಲ್ಪ ತಪ್ಪಾಗಿ ಬರೆಯಿರಿ. ತಿದ್ದಲು ಅವರೇ ಬರುತ್ತಾರೆ.